ನಮ್ಮ ಹುಡುಗಿಯರಿಗೆ ಪ್ಯಾಡ್ ಹಾಕ್ಲಿಕ್ಕೆ ಕಲಿಸಿದ್ದು

ಬುದ್ಧಿ ಬೆಳವಣಿಗೆ ಕಡಿಮೆ ಇರುವ ಹುಡುಗಿ ದೊಡ್ಡವಳಾದ ಕೂಡ್ಲೇ ಶಾಲೆ ಬಿಡಿಸುವುದು ನಮ್ಮಲ್ಲಿ ಮೊದಲೆಲ್ಲ ತುಂಬಾ ಇತ್ತು. ಈಗ್ಲೂ ಕೆಲವೊಮ್ಮೆ ಅಮ್ಮ ಬಂದು "ಇನ್ನು ಕಳಿಸ್ಲಿಕ್ಕೆ ಆಗ್ಲಿಕ್ಕಿಲ್ಲ ಸಿಸ್ಟರ್, ಬಸ್ಸಲ್ಲಿ ಕಲೆ ಆದ್ರೆ ಯಾರು ನೋಡುದು" ಅಂತಾರೆ, ಕೆಲವರು ಗರ್ಭಕೋಶವೇ ತೆಗೆಸಿಬಿಡ್ಲಾ ಅಂತಾನೂ ಕೇಳ್ತಾರೆ. ನಾನು ಮಂಗಳೂರು ಕಡೆ ಸಿಸ್ಟರ್ಸ್ ನಡೆಸುವ ವಿಶೇಷ ಶಾಲೆಯಲ್ಲಿ ಟೀಚರ್, ವ್ರತ ತಗೊಂಡ ಮೇಲೆ ಸ್ಪೆಷಲ್ ಬಿ.ಎಡ್ ಮಾಡಿದವಳು. ಆ ಅಮ್ಮಂದಿರಿಗೆ ಬೈಲಿಕ್ಕೆ ನಂಗೆ ಮನಸ್ಸು ಬರುವುದಿಲ್ಲ, ರಾತ್ರಿ ಹಗಲು ಒಬ್ಬರೇ ನೋಡಿಕೊಂಡು ಸುಸ್ತಾಗಿರ್ತಾರೆ. ಆದ್ರೆ ಆಪರೇಷನ್ ಮಾತಿಗೆ ಮಾತ್ರ ಖಡಾಖಂಡಿತ ಬೇಡ ಅಂತೇನೆ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಇಂಥದೇ ಹೆಣ್ಣುಮಕ್ಕಳಿಗೆ ಗರ್ಭಕೋಶ ತೆಗೆಸಿದ್ದು ದೇಶಕ್ಕೇ ಗೊತ್ತಾದ ವಿಷಯ. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 10ನೇ ಸೆಕ್ಷನ್‌ನಲ್ಲಿ, ಅವರಿಗೆ ತಿಳಿಸಿ ಒಪ್ಪಿಗೆ ತಗೊಳ್ಳದೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಮಾಡ್ಲಿಕ್ಕಿಲ್ಲ ಅಂತ ಉಂಟು. ಗರ್ಭಕೋಶ ತೆಗೆದ್ರೆ ರಕ್ತ ನಿಲ್ತದೆ ಅಷ್ಟೇ, ಯಾರಾದ್ರೂ ಕೆಟ್ಟದಾಗಿ ಮುಟ್ಟುವುದು ಅದರಿಂದ ನಿಲ್ಲುವುದಿಲ್ಲ.

ಕಲಿಸುವುದು ಹೇಗೆ ಅಂದ್ರೆ, ಮುಟ್ಟು ಶುರುವಾಗುವ ಮೊದ್ಲೇ, ಒಂಬತ್ತು ಹತ್ತು ವರ್ಷಕ್ಕೇ ಶುರು ಮಾಡ್ತೇವೆ. ಎಂ.ಡಿ.ಪಿ.ಎಸ್ (ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್) ಅಂತ, ಮಗುವಿಗೆ ಎಂತೆಲ್ಲ ಮಾಡ್ಲಿಕ್ಕೆ ಬರ್ತದೆ ಅಂತ ನೋಡುವ ಒಂದು ಪಟ್ಟಿ ಉಂಟು, 18 ವಿಭಾಗ, 360 ಅಂಶ, ಅದರಲ್ಲಿ ಬಟ್ಟೆ ಹಾಕುವುದು, ಟಾಯ್ಲೆಟ್, ಕೈ ತೊಳೆಯುವುದು ಎಲ್ಲಿವರೆಗೆ ಬರ್ತದೆ ಅಂತ ನೋಡಿ ಅಲ್ಲಿಂದ ಮುಂದೆ ಹೋಗುದು. ಚಡ್ಡಿ ಇಳಿಸಿ ಎತ್ತಲಿಕ್ಕೆ ಬಾರದ ಮಗುವಿಗೆ ಪ್ಯಾಡ್ ಕೊಟ್ರೆ ಎಂತ ಪ್ರಯೋಜನ.

ಪ್ಯಾಡ್ ಅಂಟಿಸುವ ಜಾಗ ಗೊತ್ತಾಗ್ಲಿಕ್ಕೆ ಚಡ್ಡಿ ಮೇಲೆ ಅದರ ಆಕಾರಕ್ಕೇ ಬಣ್ಣದ ನೂಲಲ್ಲಿ ಹೊಲಿಗೆ ಹಾಕಿ ಕೊಡ್ತೇವೆ, ಪೆನ್ನಲ್ಲಿ ಗೀಚಿದ್ರೆ ಒಗೆದಾಗ ಹೋಗ್ತದೆ. ಕಾನ್ವೆಂಟಲ್ಲಿ ಮೊದ್ಲು ಟೈಲರಿಂಗ್ ಕಲಿಸ್ತಿದ್ದ ಒಬ್ರು ಹಿರಿಯ ಸಿಸ್ಟರ್ ಸಂಜೆ ಕೂತು ಇದನ್ನೇ ಹೊಲೀತಾರೆ. ರೆಕ್ಕೆ, ಅಂದ್ರೆ ಬದಿಗೆ ಮಡಚಿ ಅಂಟಿಸುವ ಭಾಗ, ಇಲ್ಲದ ಪ್ಯಾಡೇ ಒಳ್ಳೇದು, ರೆಕ್ಕೆ ಇದ್ರೆ ಮಕ್ಕಳಿಗೆ ಗೊಂದಲ. ಕೆಲಸವನ್ನು ಸಣ್ಣ ಸಣ್ಣ ಹಂತ ಮಾಡಿ ಹಿಂದಿನಿಂದ ಕಲಿಸ್ತೇವೆ, ಅಂದ್ರೆ ಎಲ್ಲ ನಾವು ಮಾಡಿ ಕೊನೆಗೆ ಚಡ್ಡಿ ಎತ್ತುವುದು ಮಾತ್ರ ಅವಳು, ಅದು ಬಂದ ಮೇಲೆ ಅಂಟಿಸುವುದೂ ಅವಳೇ, ಆಮೇಲೆ ಕಾಗದ ಸುಲಿಯುವುದು, ಹೀಗೆ ಹಿಂದಕ್ಕೆ ಬರುದು. ಪ್ರತಿ ಸಲ ಮುಗಿಸುವವಳು ಅವಳೇ ಆಗಿರ್ತಾಳೆ, ಆ ಖುಷಿ ಮುಖದಲ್ಲಿ ಕಾಣ್ತದೆ. ಬಳಸಿದ್ದನ್ನು ಪೇಪರಲ್ಲಿ ಸುತ್ತಿ ಡಬ್ಬಿಗೆ ಹಾಕುವುದು ಬೇರೆಯೇ ಪಾಠ, ಅದಕ್ಕೆ ಬೀಟ್ರೂಟ್ ನೀರು ಹಾಕಿದ ಪ್ಯಾಡಲ್ಲಿ ಅಭ್ಯಾಸ, ನಿಜವಾಗಿ ಕೆಂಪು ಕಂಡಾಗ ಹೆದರ್ಲಿಕ್ಕಿಲ್ಲ.

ಆಟಿಸಂ ಇರುವ ಕೆಲವರಿಗೆ ಪ್ಯಾಡ್ ಮೈಗೆ ತಾಗಿದ್ರೇ ಆಗುವುದಿಲ್ಲ, ಕಿತ್ತು ಬಿಸಾಡ್ತಾರೆ. ಅವರಿಗೆ ಮೆತ್ತಗಿನ ಬಟ್ಟೆ ಪ್ಯಾಡ್, ಮೊದ್ಲು ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಸಾಕು, ನಿಧಾನಕ್ಕೆ ಜಾಸ್ತಿ ಮಾಡುದು. ಮಾತು ಬಾರದವಳ ಕೈಗೆ ಒಂದು ಕೆಂಪು ಕಾರ್ಡ್ ಕೊಟ್ಟಿರ್ತೇವೆ, ತಂದು ತೋರಿಸಿದ್ರೆ ಗೊತ್ತಾಗ್ತದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನಕ್ಕೆ ಬಾರದ ಸ್ಥಿತಿ) ಆಗಿ ಮಲಗಿಯೇ ಇರುವವಳಿಗೆ ನಾವೇ ಬದಲಿಸ್ತೇವೆ, ಆದ್ರೂ ಪರದೆ ಎಳೆದು, "ಈಗ ತೆಗೀತೇನೆ ಮಗಾ, ಸ್ವಲ್ಪ ಸೊಂಟ ಎತ್ತು" ಅಂತ ಹೇಳಿಯೇ ಮುಟ್ಟುವುದು. ಅವಳ ಮೈ ಅವಳದ್ದು. ಬಾಗಿಲು ಹಾಕುವುದು, ಈ ವಿಷಯ ಅಮ್ಮ ಮತ್ತು ಟೀಚರ್ ಹತ್ರ ಮಾತ್ರ ಹೇಳುವುದು, ಬೇರೆ ಯಾರಾದ್ರೂ ಅಲ್ಲಿ ಮುಟ್ಟಿದ್ರೆ "ಬೇಡ" ಅಂತ ಬೊಬ್ಬೆ ಹಾಕುವುದು, ಇವೆಲ್ಲ ಈ ಪಾಠದ ಒಳಗೇ ಬರ್ತದೆ.

ಕ್ಯಾಲೆಂಡರಲ್ಲಿ ತಾರೀಕು ಗುರುತು ಹಾಕ್ಲೇಬೇಕು. ಕೆಲವು ಹುಡುಗಿಯರಿಗೆ ಮುಟ್ಟಿನ ಆಸುಪಾಸಲ್ಲಿ ಫಿಟ್ಸ್ ಜಾಸ್ತಿ ಆಗ್ತದೆ, ಬರೆದಿಟ್ಟು ಡಾಕ್ಟ್ರಿಗೆ ತೋರಿಸಿದ್ರೆ ಅವರಿಗೂ ಮದ್ದು ನೋಡ್ಲಿಕ್ಕೆ ಸುಲಭ.

ಕಷ್ಟ ಆಗುವುದು ಮನೆಯಲ್ಲಿ. ಇಲ್ಲಿ ತಾನೇ ಮಾಡುವ ಹುಡುಗಿ ರಜೆ ಮುಗಿಸಿ ಬಂದಾಗ ಕೈಕಟ್ಟಿ ನಿಂತಿರ್ತಾಳೆ, ಯಾಕಂದ್ರೆ ಮನೇಲಿ ಅಮ್ಮನೇ ಎಲ್ಲ ಮಾಡಿರ್ತಾರೆ, ಪ್ರೀತಿಗೆ. ಹಾಗಾಗಿ ಈಗ ಜೂನಲ್ಲೇ ಅಮ್ಮಂದಿರನ್ನು ಕರೆದು ಕೂರಿಸ್ತೇವೆ, ಮಾತಾಡುವುದು ನಾವಲ್ಲ, ಮಗಳಿಗೆ ಕಲಿಸಿ ಮುಗಿಸಿದ ಒಬ್ಬ ಅಮ್ಮನೇ. ಅವರು ಹೇಳಿದ್ರೆ ಉಳಿದವರು ನಂಬ್ತಾರೆ, ನಮ್ಮ ಹತ್ರ ಕೇಳದ ಪ್ರಶ್ನೆಗಳನ್ನೂ ಅವರ ಹತ್ರ ಕೇಳ್ತಾರೆ.