ಒಂದು ರೈಡಿಗೆ ಎಷ್ಟು ಬಿತ್ತು? ಹುಬ್ಬಳ್ಳಿಯಿಂದ ಪಾರ್ಕಿಗೆ ಹೋಗುವವರಿಗೆ ನನ್ನ ಲೆಕ್ಕ

ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ, ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಪೂರ್ತಿ ಒಂದು ದಿನ ಕಳೆದು, ಲಾಡ್ಜ್ ಮಾಡದೆ, ಮರುದಿನ ಬೆಳಿಗ್ಗೆ ಅಂಗಡಿ ಶಟರ್ ಎತ್ತಬಹುದು. ಒಬ್ಬರಿಗೆ ಎರಡೂವರೆ ಸಾವಿರದ ಆಸುಪಾಸು ಖರ್ಚು. ರೈಡ್ 20ರ ಮೇಲೆ. ಇದು ಆಗದ ಮಾತು ಅಂತ ಚಹಾ ಅಂಗಡಿಯಲ್ಲಿ ನನ್ನ ಗೆಳೆಯರು ವರ್ಷಗಟ್ಟಲೆ ವಾದ ಮಾಡಿದ್ದಾರೆ. "ಅಷ್ಟ್ ರೊಕ್ಕಾ ಕೊಟ್ಟು ತಲಿ ತಿರುಗಿಸ್ಕೊಂಡು ಬರಾಕ ಅಲ್ಲಿಮಟಾ ಹೋಗಬೇಕೇನಲೇ? ಜಾತ್ರ್ಯಾಗ ತೂಗೋ ದೋಣಿ, ಕೊಲಂಬಸ್ ಬರತೈತಲ್ಲ, ಅದನ್ನ ಹತ್ತು" ಅಂದವರೇ ಜಾಸ್ತಿ. ಕಳೆದ ಜುಲೈನಲ್ಲಿ ಅವರಲ್ಲೇ ಮೂವರನ್ನು ಕರೆದುಕೊಂಡು ಹೋಗಿ ಬಂದೆ. ಈಗ ಮುಂದಿನ ತಾರೀಖು ಯಾವಾಗ ಅಂತ ಅವರೇ ಬೆನ್ನು ಬಿದ್ದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜನ ಟಿಕೆಟ್ ದರ ನೋಡಿ ಪಾರ್ಕ್ ದುಬಾರಿ, ಅಗ್ಗ ಅಂತ ತೀರ್ಮಾನ ಮಾಡುತ್ತಾರೆ. ನಾನು ಹಾಗೆ ನೋಡಲ್ಲ. ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಎಲ್ಲ ಖರ್ಚು ಕೂಡಿಸಿ, ಹತ್ತಿದ ರೈಡ್‌ಗಳ ಲೆಕ್ಕದಿಂದ ಭಾಗಿಸುತ್ತೇನೆ. ಒಂದು ರೈಡಿಗೆ ಎಷ್ಟು ಬಿತ್ತು, ಅಷ್ಟೇ. ವೇವ್ ಪೂಲ್‌ನಲ್ಲಿ ಒಂದು ತಾಸು ಕುಣಿದರೂ ಒಂದೇ ಲೆಕ್ಕ. ಒಂದೇ ರೋಲರ್ ಕೋಸ್ಟರನ್ನು (ಎತ್ತರದ ಹಳಿ ಮೇಲೆ ಏರಿ ಇಳಿಯುವ ಗಾಡಿ) ಮೂರು ಸಲ ಹತ್ತಿದರೆ ಮೂರು. ಮತ್ತೆ ಹತ್ತಬೇಕು ಅನ್ನಿಸದ ರೈಡನ್ನು ಲೆಕ್ಕಕ್ಕೇ ಹಿಡಿಯಲ್ಲ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು.

ಶುರುವಿನ ವರ್ಷಗಳ ಅಂಕಿ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಗ ಮನೆಮಂದಿ ಎಲ್ಲ ಸೇರಿ ಕಾರಿನಲ್ಲಿ ಹೋಗುತ್ತಿದ್ದೆವು, ಅದೂ ರವಿವಾರ. ಡೀಸೆಲ್, ಟೋಲ್, ಒಂದು ರಾತ್ರಿ ರೂಮು, ದಾರಿಯ ಊಟ, ನಾಲ್ಕು ಟಿಕೆಟ್ ಎಲ್ಲ ಸೇರಿ ಹದಿನಾರು ಸಾವಿರ ದಾಟುತ್ತಿತ್ತು. ತಲೆಗೆ ನಾಲ್ಕು ಸಾವಿರ. ರೈಡ್ ಆಗುತ್ತಿದ್ದದ್ದು ಎಂಟೋ ಒಂಬತ್ತೋ. ಒಂದು ರೈಡಿಗೆ 450 ರೂಪಾಯಿ ಬಿತ್ತು! ಎರಡು ನಿಮಿಷದ ಆಟಕ್ಕೆ 450. ಅವ್ವ ಅಂತೂ "ಇನ್ನೊಮ್ಮೆ ಈ ಮಾತು ಎತ್ತಬ್ಯಾಡ" ಅಂದಿದ್ದಳು.

ಆಮೇಲೆ ಪ್ಯಾಕೇಜ್ ಟೂರ್. ಟ್ರಾವೆಲ್ಸ್‌ನವರು ಬಸ್ಸು, ತಿಂಡಿ, ಟಿಕೆಟ್ ಎಲ್ಲ ಸೇರಿಸಿ ಅಗ್ಗದ ದರ ಹೇಳಿದ್ದರು. ಬಸ್ಸು ಪಾರ್ಕ್ ಮುಟ್ಟಿದ್ದು ಮಧ್ಯಾಹ್ನ ಒಂದಕ್ಕೆ. ಐದಕ್ಕೆ ಎಲ್ಲರೂ ಹೊರಗೆ ಬರಬೇಕು, ಯಾಕಂದರೆ ಅವರಿಗೆ ಮೈಸೂರು ಅರಮನೆಯ ದೀಪ ತೋರಿಸಬೇಕಂತೆ. ಆರು ರೈಡ್ ಆದವು. ಅಗ್ಗದ ದರ ಅಂತ ಹೋದದ್ದು ಕಾರಿಗಿಂತ ದುಬಾರಿ ಆಯಿತು.

ವಾರದ ದಿನ ಹೋದರೆ ಖಾಲಿ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ವಾ? ಡಿಸೆಂಬರ್‌ನಲ್ಲಿ ಅದು ಸುಳ್ಳು. ನಮ್ಮ ರಾಜ್ಯದ ಶಾಲೆಗಳ ಪ್ರವಾಸ ಎಲ್ಲ ನವೆಂಬರ್‌ನಿಂದ ಜನವರಿವರೆಗೆ. ಮಂಗಳವಾರ ಇರಲಿ, ಬುಧವಾರ ಇರಲಿ, ಗೇಟಿನ ಮುಂದೆ ಶಾಲಾ ಪ್ರವಾಸದ ಬಸ್ಸುಗಳೇ ಸಾಲಾಗಿ ನಿಂತಿರುತ್ತವೆ. ಮಕ್ಕಳು ನೂರು ನೂರೈವತ್ತರ ಗುಂಪಿನಲ್ಲಿ ಒಂದೇ ರೈಡಿಗೆ ಬಂದು ನಿಂತರೆ ಮುಗಿಯಿತು. ನಾನು ಡಿಸೆಂಬರ್‌ನಲ್ಲಿ ಹೋದ ವಾರದ ದಿನ, ರವಿವಾರಕ್ಕಿಂತ ಕೆಟ್ಟದಾಗಿತ್ತು.

ಈಗ ಫಲ ಕೊಟ್ಟ ದಾರಿ. ನಾನು ಬಿಡದಿಗೆ ಹೋಗುವುದು ಜೂನ್ ಕೊನೆ, ಜುಲೈ. ಶಾಲೆ ಶುರುವಾಗಿರುತ್ತದೆ, ಮಳೆಗೆ ಹೆದರಿ ಜನ ಬರಲ್ಲ. ಆ ಭಾಗದಲ್ಲಿ ಜುಲೈ ಮಳೆ ಅಂದರೆ ಹೆಚ್ಚಾಗಿ ಜಿಟಿಜಿಟಿ. ರೈಡ್ ನಿಂತರೂ ಸ್ವಲ್ಪ ಹೊತ್ತಿಗೆ ಮತ್ತೆ ಶುರು ಮಾಡುತ್ತಾರೆ. ವಾರದಲ್ಲಿ ಯಾವ ದಿನ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಹಿಡಿಯಲು ನಾನು ಬಹಳ ರೊಕ್ಕ ಹಾಕಿದ್ದೇನೆ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಪ್ರಯಾಣ, ಬೆಳಿಗ್ಗೆ ಬೆಂಗಳೂರು. ಸ್ಲೀಪರ್‌ಗೆ ಮುನ್ನೂರರ ಆಸುಪಾಸು. ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದದ್ದು, ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರು ಮಾಡಿದೆ. ಹಾಗಾಗಿ ನಿಮ್ಮ ಡಬ್ಬಿ ಯಾವ ಕಡೆ ಅಂತ ಮೊದಲೇ ನೋಡಿಕೊಳ್ಳಿ. ಬೆಂಗಳೂರು ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲೇ ಮುಖ ತೊಳೆದು ರೆಡಿ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದವರೆಗೆ ಹೋಗುತ್ತದೆ, ಅಲ್ಲಿಂದ ಹಳೇ ಮೈಸೂರು ರಸ್ತೆಯ ಬಸ್ಸು. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಮೈಸೂರು ಬಸ್ಸು ಮಾತ್ರ ಹತ್ತಬೇಡಿ, ಅದು ಬಿಡದಿಯೊಳಗೆ ಬರದೆ ಹೊರಗಿನಿಂದಲೇ ಮುಂದೆ ಹೋಗಿಬಿಡುತ್ತದೆ.

ನೀರಿಗಿಳಿಯಲು ನೈಲಾನ್ ಬಟ್ಟೆ ಬೇಕು, ಕಾಟನ್ ಬಿಡಲ್ಲ. ಇಲ್ಲೇ ಜನತಾ ಬಜಾರ್‌ನಲ್ಲಿ ಇನ್ನೂರೈವತ್ತಕ್ಕೆ ಚಡ್ಡಿ ಸಿಗುತ್ತದೆ. ಅಲ್ಲಿಗೆ ಹೋಗಿ ಕೊಳ್ಳುವವರು ಸುಮ್ನೆ ಒಂದೆರಡು ರೈಡಿನ ದುಡ್ಡು ಕಳೆಯುತ್ತಾರೆ. ನಾಲ್ಕು ಜನಕ್ಕೆ ಒಂದೇ ಲಾಕರ್ ಸಾಕು.

ಒಳಗೆ ಹೋದ ಮೇಲೆ ನನ್ನ ಕೆಲಸ ಎಣಿಸುವುದು. ರಿಕಾಯಿಲ್ ಕೋಸ್ಟರನ್ನೇ ತೆಗೆದುಕೊಳ್ಳಿ. ಅದು ಡಚ್ ಕಂಪನಿ ವೆಕೋಮಾದ ಬೂಮರಾಂಗ್ ಅನ್ನುವ ಮಾದರಿ. ಗಾಡಿಯನ್ನು ಹಿಂದಕ್ಕೆ ಎಳೆದು ಮೇಲೆ ಒಯ್ದು ಬಿಡುತ್ತಾರೆ. ಮುಂದೆ ಹೋಗುವಾಗ ಮೂರು ಸಲ ತಲೆಕೆಳಗು, ಅದೇ ಹಳಿ ಮೇಲೆ ಹಿಂದಕ್ಕೆ ಬರುವಾಗ ಮತ್ತೆ ಮೂರು. ಹಳಿ ಒಂದೇ, ಹೋಗಿ ಬರುವುದು ಅದೇ ದಾರಿ. ಹಾಗಾಗಿ ಎರಡನೇ ಗಾಡಿ ಓಡಿಸಲು ಬರಲ್ಲ. ಒಂದು ಗಾಡಿಗೆ 28 ಸೀಟು. ನಾನು ಸಾಲಿಗೆ ಸೇರುವ ಮೊದಲು ಹೊರಗೆ ನಿಂತು ಗಾಡಿ ಒಮ್ಮೆ ಹೊರಟು ಮತ್ತೆ ಹೊರಡುವವರೆಗೆ ಗಡಿಯಾರ ನೋಡುತ್ತೇನೆ. ಹೆಚ್ಚಾಗಿ ನಾಲ್ಕೂವರೆ ನಿಮಿಷ ಬರುತ್ತದೆ. ಸಾಲಿನಲ್ಲಿ 140 ಜನ ಇದ್ದರೆ ಐದು ಸುತ್ತು, ಅಂದರೆ 22–23 ನಿಮಿಷ. 25 ನಿಮಿಷದ ಒಳಗಿದ್ದರೆ ನಿಲ್ಲುತ್ತೇನೆ. ಮೇಲಿದ್ದರೆ ತಿರುಗಿ ನೋಡದೆ ಮುಂದೆ. ಕಳೆದ ಸಲ ಬಂದ ಗೆಳೆಯರು ಮೊದಮೊದಲು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಅವರೇ ತಲೆ ಎಣಿಸುತ್ತಿದ್ದರು.

ಇನ್ನೊಂದು ಮಾತು, ಹೊತ್ತಿನ ಲೆಕ್ಕ. ಊಟದ ಹೊತ್ತಿಗೆ ಬಿಸಿಲು ಏರಿದ ಕೂಡಲೇ ಎಲ್ಲರೂ ನೀರಿಗೆ ಓಡುತ್ತಾರೆ. ಆಗ ನಾನು ಒಣ ರೈಡ್‌ಗಳ ಕಡೆ ಇರುತ್ತೇನೆ. ಮೂರೂವರೆ ನಾಲ್ಕಕ್ಕೆ ಮಕ್ಕಳು ಚಳಿಗೆ ನಡುಗುತ್ತಾ ಮೇಲೆ ಬರುತ್ತವೆ, ಆಗ ನಾನು ನೀರಿಗೆ. ನೀರಿನ ಆಟ ಬೇಗ ಮುಚ್ಚುತ್ತವೆ, ಅದನ್ನು ನೆನಪಿಡಿ. ಬೆಳಿಗ್ಗೆ ಗೇಟು ತೆಗೆದಾಗ ಯಾವ ರೈಡಿಗೆ ಮೊದಲು ಹೋಗುತ್ತೇನೆ ಅನ್ನೋದನ್ನು ಹೇಳಲ್ಲ. ದೊಡ್ಡದಕ್ಕೆ ಅಲ್ಲ, ಅಷ್ಟು ಮಾತ್ರ ತಿಳಿದಿರಲಿ.

ಹೆಚ್ಚು ದುಡ್ಡು ಕೊಟ್ಟು ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬಗ್ಗೆ ನನ್ನ ಅಭಿಪ್ರಾಯ: ದಿನ ಸರಿಯಾಗಿ ಆರಿಸಿದರೆ ಅದು ಬೇಡ. ಹಬ್ಬದ ರಜೆಯಲ್ಲೇ ಹೋಗಬೇಕಾದವರಿಗೆ ಬೇಕಾಗಬಹುದು. ನಾನಾದರೆ ಆ ದಿನ ಹೋಗುವುದೇ ಇಲ್ಲ.

ಜುಲೈನ ಲೆಕ್ಕ ಹೀಗಿತ್ತು. ರೈಲು ಎರಡೂ ಕಡೆ ಆರುನೂರು, ಮೆಟ್ರೋ ಬಸ್ಸು ನೂರೈವತ್ತು, ಟಿಕೆಟ್ ಸಾವಿರದ ಮುನ್ನೂರೈವತ್ತರ ಹತ್ತಿರ, ಊಟ ಲಾಕರ್ ಸೇರಿ ನಾನೂರೈವತ್ತು. ಎಲ್ಲ ಸೇರಿ 2,550. ರೈಡ್ 22. ಒಂದಕ್ಕೆ ನೂರ ಹದಿನಾರು. 450ರಿಂದ 116ಕ್ಕೆ ಇಳಿಸಿದ್ದೇನೆ. ಹುಬ್ಬಳ್ಳಿಯಿಂದ ಇದಕ್ಕಿಂತ ಕಡಿಮೆ ಮಾಡಿದವರು ಇದ್ದರೆ ನನಗೆ ತಿಳಿಸಿ, ನಾನೇ ಬಂದು ಕಲಿಯುತ್ತೇನೆ.

ನಡುವೆ ಒಂದಿಷ್ಟು ಬೇರೆ ಪ್ರಯೋಗಗಳೂ ಆದವು. ಹೊಟ್ಟೆಯದು ಮೊದಲು. ಖಾಲಿ ಹೊಟ್ಟೆಯಲ್ಲಿ ರಿಕಾಯಿಲ್ ಹತ್ತಿದರೆ ವಾಕರಿಕೆ ಜಾಸ್ತಿ. ಗಿರ್ಮಿಟ್, ಮಿರ್ಚಿ ತಿಂದು ಹತ್ತಿದ ಅಕ್ಕನ ಮಗ ಮಧ್ಯಾಹ್ನವಿಡೀ ಬೆಂಚಿನ ಮೇಲೆ ಮಲಗಿದ್ದ. ಎರಡು ಇಡ್ಲಿ ತಿಂದು ಒಂದು ತಾಸು ಬಿಟ್ಟರೆ ಏನೂ ಆಗಲ್ಲ. ತಿರುಗುವ ರೈಡ್‌ಗಳನ್ನು ಒಂದರ ಹಿಂದೆ ಒಂದು ಹತ್ತಬೇಡಿ, ನಡುವೆ ಒಂದು ಕೋಸ್ಟರ್ ಇರಲಿ. ತಲೆ ಸುತ್ತಿಸುವುದು ಗಿರಗಿರ ತಿರುಗುವುದು, ಬೀಳುವುದಲ್ಲ.

ಸೀಟಿನ ವಿಷಯದಲ್ಲಿ ನಾನು ಹಿಂದಿನ ಸಾಲಿನವನು. ಗುಡ್ಡ ದಾಟುವಾಗ ಮುಂದಿನ ಡಬ್ಬಿಗಳು ಆಗಲೇ ವೇಗವಾಗಿ ಇಳಿಯುತ್ತಿರುತ್ತವೆ, ಅವು ಹಿಂದಿನದನ್ನು ಎಳೆದುಕೊಂಡು ಹೋಗುತ್ತವೆ. ಸೀಟಿನಿಂದ ಮೇಲೆ ಎತ್ತಿ ಒಗೆದ ಹಾಗಾಗುವುದು ಅಲ್ಲಿಯೇ. ಮುಂದಿನ ಸಾಲಿನಲ್ಲಿ ನೋಟ ಚೆಂದ, ಅಷ್ಟೇ. ಬೂಮರಾಂಗ್‌ನಲ್ಲಿ ಮಾತ್ರ ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಭುಜದ ಪಟ್ಟಿಗೆ ಕಿವಿ ಬಡಿಯುತ್ತದೆ.

ಗೆಳೆಯರು ಜಾತ್ರೆ ಜಾತ್ರೆ ಅಂದರಲ್ಲ, ಅದನ್ನೂ ಬಿಡಲಿಲ್ಲ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಯಲ್ಲಿ ಕೊಲಂಬಸ್ ಹತ್ತಿದೆ. ಫೋನನ್ನು ಜಿಪ್ ಇರುವ ಜೇಬಿಗೆ ಹಾಕಿ, ಮೈ ಭಾರ ಎಷ್ಟು ಏರಿಳಿಯುತ್ತದೆ ಅಂತ ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ದೋಣಿ ತುದಿಗೆ ಹೋದಾಗ ಮೈ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಕೆಳಗೆ ಬಂದಾಗ ಎರಡು ಪಟ್ಟಿಗೆ ಹತ್ತಿರ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ರೈಡ್. ನೂರು ರೂಪಾಯಿಗೆ ಮೂರು ನಿಮಿಷ, ಕಾಯುವುದೇ ಇಲ್ಲ. ಒಂದು ರೈಡಿನ ಲೆಕ್ಕದಲ್ಲಿ ಅದು ನನ್ನ ಬಿಡದಿಯ 116ನ್ನೂ ಸೋಲಿಸುತ್ತದೆ! ಆದರೆ ಜಾತ್ರೆಯಲ್ಲಿ ನನಗೆ ಮತ್ತೆ ಹತ್ತಬೇಕು ಅನ್ನಿಸುವುದು ಎರಡೋ ಮೂರೋ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಲ್ಲಿ ತೊಟ್ಟಿಲು, ಬ್ರೇಕ್ ಡ್ಯಾನ್ಸ್ ಎಲ್ಲ ಸಾಲಾಗಿ ನಿಂತಿರುತ್ತವೆ. ಬಿಡದಿಯವರೆಗೆ ಹೋಗಲು ಆಗದವರು ಈ ಜಾತ್ರೆ ತಪ್ಪಿಸಬೇಡಿ.

ನಮ್ಮ ಊರಿನವರು ಗಮನಿಸದ ಒಂದು ವಿಷಯ ಇದೆ. ಬಿಡದಿ ಒಂದು ಕಡೆ, ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕ್ ಇನ್ನೊಂದು ಕಡೆ. ಹುಬ್ಬಳ್ಳಿ ಹೆಚ್ಚುಕಡಿಮೆ ನಟ್ಟನಡುವೆ. ಎರಡೂ ಒಂದೊಂದು ರಾತ್ರಿಯ ದಾರಿ. ಖೋಪೋಲಿಗೆ ಮುಂಬೈ ಸ್ಲೀಪರ್ ಬಸ್ಸೇ ಸರಿ. ಕೊಲ್ಹಾಪುರ ದಾಟಿದ ಮೇಲೆ ರಸ್ತೆ ಕೆಲಸ ಇದ್ದರೆ ಒಂದು ತಾಸು ತಡ. ನಾನು ಹೋಗುವುದು ಫೆಬ್ರವರಿಯಲ್ಲಿ. ಜುಲೈನಲ್ಲಿ ಸಹ್ಯಾದ್ರಿ ಮಳೆ ನಮ್ಮ ಬಯಲುಸೀಮೆ ಮಳೆಯ ಹಾಗಲ್ಲ, ದಿನಗಟ್ಟಲೆ ಹೊಯ್ಯುತ್ತದೆ.

ಅಲ್ಲಿಗೆ ಹೋಗುವುದು ನೈಟ್ರೋ ಅನ್ನುವ ಕೋಸ್ಟರ್‌ಗಾಗಿ. 2013ರಲ್ಲಿ ಶುರುವಾದ ಪಾರ್ಕ್ ಅದು. ನೈಟ್ರೋ ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಬೊಲಿಗರ್ ಆ್ಯಂಡ್ ಮಾಬಿಲಾರ್ಡ್. ಸುಮಾರು 40 ಮೀಟರ್ ಎತ್ತರ, ಗಂಟೆಗೆ 105 ಕಿ.ಮೀ. ವೇಗ, ಐದು ಸಲ ತಲೆಕೆಳಗು. ಕಾಲ ಕೆಳಗೆ ನೆಲವೇ ಇಲ್ಲ. ಗಾಡಿ ಹೊರಡುವ ಮೊದಲು ಕಾಲಡಿಯ ಹಲಗೆ ಸರಿದು ಹೋಗುತ್ತದೆ, ಬಗ್ಗಿ ನೋಡಿದರೆ ಹಳಿ ಕಾಣುತ್ತದೆ. ಎಷ್ಟು ನಯವಾಗಿ ಓಡುತ್ತದೆ ಅಂದರೆ ಇಳಿದ ಮೇಲೆ ಕುತ್ತಿಗೆ ಹಿಡಿದುಕೊಳ್ಳುವ ಕೆಲಸವೇ ಇಲ್ಲ. ಜನ ಇಲ್ಲದ ದಿನ ನಾಲ್ಕೈದು ಸಲ ಹತ್ತಿದ್ದೇನೆ. ಕತ್ತಲಲ್ಲಿ ಓಡುವ ಡೀಪ್ ಸ್ಪೇಸ್ ಕೂಡ ಚೆನ್ನಾಗಿದೆ. ಆದರೆ ನೀರಿನ ಪಾರ್ಕಿಗೆ ಅಲ್ಲಿ ಬೇರೆ ಟಿಕೆಟ್. ಬಸ್ಸು, ಟಿಕೆಟ್, ಆಟೋ, ಊಟ ಸೇರಿ ನಾಲ್ಕು ಸಾವಿರ ದಾಟಿತು, ರೈಡ್ ಹದಿನೈದರ ಹತ್ತಿರ. ಒಂದಕ್ಕೆ 280. ನೈಟ್ರೋಗೆ ಅಷ್ಟು ಕೊಡಬಹುದು ಅಂತ ನನ್ನ ತೀರ್ಮಾನ. ಎರಡು ವರ್ಷಕ್ಕೊಮ್ಮೆ.

ಹೊಸ ರೈಡ್‌ಗಳ ಬಗ್ಗೆ ಖಡಕ್ಕಾಗಿ ಹೇಳುತ್ತೇನೆ. ಪರದೆ ಮುಂದೆ ಕೂರಿಸಿ ಕುರ್ಚಿ ಅಲ್ಲಾಡಿಸುವುದಕ್ಕೆ ನನ್ನ ಲೆಕ್ಕದಲ್ಲಿ ಒಂದೇ ಸಲದ ಬೆಲೆ. ಮೊದಲ ಸಲ ಖುಷಿ, ಎರಡನೇ ಸಲ ಅದೇ ಸಿನಿಮಾ. ಕೋಸ್ಟರ್ ಹಾಗಲ್ಲ. ಹತ್ತು ವರ್ಷ ಆದರೂ ಸೀಟು ಬದಲಿಸಿದರೆ ಹೊಸ ರೈಡ್. ಪಾರ್ಕಿನವರು ದುಡ್ಡು ಹಾಕುವುದಾದರೆ ಕೋಸ್ಟರ್‌ಗೆ ಹಾಕಲಿ. ಅದಕ್ಕೇ ಚೆನ್ನೈ ವಂಡರ್‌ಲಾ ಸುದ್ದಿ ಕೇಳಿ ನನಗೆ ಬಹಳ ಖುಷಿ ಆಯಿತು. 2025ರ ಡಿಸೆಂಬರ್‌ನಲ್ಲಿ ತೆರೆದರು, 611 ಕೋಟಿ ರೂಪಾಯಿ ಹೂಡಿಕೆ. ತಂಜೋರಾ ಅನ್ನುವ ಕೋಸ್ಟರ್ ಅದೇ ಸ್ವಿಸ್ ಕಂಪನಿಯದು. ಹಳಿ ತಲೆಯ ಮೇಲೆ, ಕಾಲು ಗಾಳಿಯಲ್ಲಿ. ಆ ಕಂಪನಿಯ ಈ ಬಗೆಯ ಕೋಸ್ಟರ್ ನಮ್ಮ ದೇಶಕ್ಕೆ ಬಂದದ್ದು ಇದೇ ಮೊದಲು.

ಆದರೂ ಮೊದಲ ವರ್ಷ ನಾನು ಹೋಗಲ್ಲ, ನೀವೂ ಹೋಗಬೇಡಿ. ಹೊಸ ರೈಡ್ ಮೊದಲ ಸೀಸನ್‌ನಲ್ಲಿ ಆಗಾಗ ನಿಲ್ಲುತ್ತದೆ, ಸಾಲೂ ಉದ್ದ. ಹಿಂದೆ ಒಂದು ಪಾರ್ಕಿನಲ್ಲಿ ಹೊಸ ರೈಡಿಗಾಗಿಯೇ ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿ, ದಿನಪೂರ್ತಿ "ದುರಸ್ತಿಯಲ್ಲಿದೆ" ಅನ್ನುವ ಬೋರ್ಡ್ ನೋಡಿ ಬಂದಿದ್ದೇನೆ. ಚೆನ್ನೈಗೆ ನಮ್ಮಿಂದ ಒಂದು ರಾತ್ರಿಯಲ್ಲಿ ಮುಗಿಯುವ ದಾರಿ ಅಲ್ಲ. ಲಾಡ್ಜ್ ಸೇರಿ ರೈಡಿಗೆ 350 ಬೀಳುತ್ತದೆ ಅಂತ ಅಂದಾಜು ಹಾಕಿದ್ದೇನೆ. ಎರಡನೇ ವರ್ಷದ ಜುಲೈಗೆ ಮೂವರು ಈಗಲೇ ಹೆಸರು ಕೊಟ್ಟಿದ್ದಾರೆ.

ಮಕ್ಕಳಿರುವವರಿಗೆ ಒಂದು ಮಾತು. ಮನೆಯಲ್ಲೇ ಬರಿಗಾಲಲ್ಲಿ ನಿಲ್ಲಿಸಿ ಗೋಡೆಗೆ ಟೇಪ್ ಹಿಡಿಯಿರಿ. 140 ಸೆಂ.ಮೀ. ಒಳಗಿದ್ದರೆ ದೊಡ್ಡ ರೈಡ್ ಹತ್ತಿಸಲ್ಲ. ಟಿಕೆಟ್ ಸ್ವಲ್ಪ ಕಡಿಮೆ ಅಂತ ಕರೆದುಕೊಂಡು ಹೋದರೆ ಮಗು ಅಳುತ್ತದೆ, ಜೊತೆಗೆ ಒಬ್ಬ ದೊಡ್ಡವರು ಕೆಳಗೇ ನಿಲ್ಲಬೇಕು. ಒಂದು ವರ್ಷ ಕಾಯಿರಿ. ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿದ್ದರೆ ಪರೀಕ್ಷೆಯ ಹಾಲ್ ಟಿಕೆಟ್ ಎಸೆಯಬೇಡಿ, ಅದನ್ನು ತೋರಿಸಿದರೆ ವಂಡರ್‌ಲಾದಲ್ಲಿ ರಿಯಾಯಿತಿ ಕೊಡುವುದುಂಟು. ಕಾಲೇಜು ಐಡಿಗೂ ಅಷ್ಟೇ. ಟಿಕೆಟ್ ಮೇಲಿನ ಜಿಎಸ್‌ಟಿ 2018ರಲ್ಲಿ 28ರಿಂದ 18ಕ್ಕೆ ಇಳಿಯಿತು. ಇನ್ನೂ ಇಳಿಸಬೇಕು ಅಂತ ನನ್ನ ಆಸೆ. ಸಾವಿರದ ಟಿಕೆಟ್ಟಿಗೆ 180 ಅಂದರೆ ನನಗೆ ಒಂದೂವರೆ ರೈಡ್.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಜುಲೈಗೆ ಹೋಗುವವರು ಮೇ ತಿಂಗಳಲ್ಲೇ ಎರಡೂ ಕಡೆಯ ಸ್ಲೀಪರ್ ಹಿಡಿದಿಡಿ. ವಾಪಸ್ ಬರುವ ರಾತ್ರಿಗೆ ಕೆಳಗಿನ ಬರ್ತ್ ತೆಗೆದುಕೊಳ್ಳಿ, ಆ ಹೊತ್ತಿಗೆ ಮೇಲೆ ಹತ್ತಲು ಕಾಲು ಏಳಲ್ಲ.