ವೆಲೋಡ್ರೋಮಿಗೆ ಇಳಿಯುವ ಮುನ್ನ: ಟ್ರ್ಯಾಕ್ ಬೈಕ್ ಅಣಿಗೊಳಿಸುವುದು ಹೇಗೆ?

ವೆಲೋಡ್ರೋಮಿನಲ್ಲಿ, ಅಂದರೆ ತಿರುವುಗಳು ಒಳಕ್ಕೆ ಇಳಿಜಾರಾಗಿರುವ ಸೈಕಲ್ ಓಟದ ಟ್ರ್ಯಾಕಿನಲ್ಲಿ, ಓಡಿಸುವ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಗೇರ್ ಬದಲಿಸುವ ವ್ಯವಸ್ಥೆ ಇರುವುದಿಲ್ಲ, ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಉರುಳಲು ಬಿಡುವ ಫ್ರೀವೀಲ್ ಕೂಡ ಇರುವುದಿಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಸವಾರನ ಕಾಲು ತಿರುಗುತ್ತಲೇ ಇರಬೇಕು. ವೇಗ ಹೆಚ್ಚಿಸಬೇಕಾದರೂ ತಗ್ಗಿಸಬೇಕಾದರೂ ಕಾಲಿನ ಬಲ ಚಕ್ರಕ್ಕೆ ತಲುಪುವುದು ಚೈನಿನ ಮೂಲಕವೇ. ಹೊಸದಾಗಿ ಈ ಸ್ಪರ್ಧೆಗೆ ಬರುವವರು ಹಗುರವಾದ ಚಕ್ರ, ದೊಡ್ಡ ಗೇರ್ ಎಂದು ಯೋಚಿಸುವುದಕ್ಕೂ ಮೊದಲು ಹಿಂದಿನ ಹಬ್ (ಚಕ್ರದ ನಡುಗುಂಭ), ಕಾಗ್ (ಅದರ ಮೇಲೆ ಕೂರುವ ಹಲ್ಲಿನ ಚಕ್ರ), ಚೈನ್ ಮತ್ತು ಆಕ್ಸಲ್ (ಚಕ್ರದ ಅಚ್ಚು) ನಟ್ಟುಗಳನ್ನು ಸರಿಯಾಗಿ ಕೂರಿಸುವುದನ್ನು ತಮ್ಮ ಕೈಯಾರೆ ಕಲಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಫ್ರೇಮ್ ಮತ್ತು ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ನೋಡಿಕೊಳ್ಳಿ. ಟ್ರ್ಯಾಕ್ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಸೀಳು ಹಿಂದಕ್ಕೆ ಬಾಯಿ ತೆರೆದಿರುತ್ತದೆ. ಹಿಂದಿನ ಹಬ್ಬಿನ ಅಗಲ ಸಾಮಾನ್ಯವಾಗಿ 120 ಮಿ.ಮೀ., ಮುಂದಿನದು 100 ಮಿ.ಮೀ. ಇರುತ್ತದೆ. ಕ್ರ್ಯಾಂಕ್ ಉದ್ದ 165 ಮಿ.ಮೀ. ಇದ್ದರೆ ಆರಂಭಿಕರಿಗೆ ಒಳ್ಳೆಯದು. 250 ಮೀಟರ್ ಸುತ್ತಳತೆಯ ಒಳಾಂಗಣ ಟ್ರ್ಯಾಕುಗಳಲ್ಲಿ ತಿರುವಿನ ಇಳಿಜಾರು 40 ಡಿಗ್ರಿಗಿಂತಲೂ ಹೆಚ್ಚಿರುತ್ತದೆ. ಸವಾರರು ಎಡಕ್ಕೆ ತಿರುಗುತ್ತಾ ಸಾಗುವುದರಿಂದ ಟ್ರ್ಯಾಕಿನ ಎತ್ತರದ ಭಾಗ ಸದಾ ಬಲಗಡೆ ಇರುತ್ತದೆ. ವೇಗ ಕಡಿಮೆಯಾದಾಗ ಸೈಕಲ್ ನೆಟ್ಟಗಾಗುತ್ತದೆ, ಆಗ ಬಲ ಪೆಡಲ್ ಮತ್ತು ಟ್ರ್ಯಾಕಿನ ನಡುವಿನ ಅಂತರ ಕುಗ್ಗಿ ಪೆಡಲ್ ನೆಲಕ್ಕೆ ತಾಗುವ ಅಪಾಯವಿದೆ. ಕ್ರ್ಯಾಂಕ್ ಗಿಡ್ಡವಾಗಿರಬೇಕು, ಕ್ರ್ಯಾಂಕ್ ತಿರುಗುವ ಅಚ್ಚು ಕೂರುವ ಬಾಟಮ್ ಬ್ರ್ಯಾಕೆಟ್ ಎತ್ತರದಲ್ಲಿರಬೇಕು ಎನ್ನುವುದು ಇದೇ ಕಾರಣಕ್ಕೆ.

ನಂತರದ ಕೆಲಸ ಹಿಂದಿನ ಹಬ್ಬಿನದು. ಟ್ರ್ಯಾಕ್ ಹಬ್ಬಿನ ಮೇಲೆ ಎರಡು ಬಗೆಯ ಥ್ರೆಡ್ ಇರುತ್ತದೆ: ಒಳಭಾಗದ ದೊಡ್ಡ ಥ್ರೆಡ್ಡಿಗೆ ಕಾಗ್, ಹೊರಭಾಗದ ಚಿಕ್ಕ ಥ್ರೆಡ್ಡಿಗೆ ಕಾಗ್ ಬಿಚ್ಚಿಕೊಳ್ಳದಂತೆ ತಡೆಯುವ ಬಳೆಯಾದ ಲಾಕ್‌ರಿಂಗ್. ಕಾಗ್ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಲಾಕ್‌ರಿಂಗ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಸವಾರ ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ, ಆದರೆ ಅದೇ ತಿರುವು ಲಾಕ್‌ರಿಂಗನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಸವರಿ, ಕಾಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಚೈನ್ ವಿಪ್ (ಚೈನಿನ ತುಂಡು ಜೋಡಿಸಿದ ಹಿಡಿಯ ಉಪಕರಣ) ಹಿಡಿದು ಬಲವಾಗಿ ಬಿಗಿಮಾಡಿ, ಆಮೇಲೆ ಲಾಕ್‌ರಿಂಗ್ ಕೂರಿಸಿ. ಲಾಕ್‌ರಿಂಗಿನ ಥ್ರೆಡ್ ಇಲ್ಲದ ಹಳೆಯ ರೋಡ್ ಹಬ್ಬಿನ ಮೇಲೆ ಟ್ರ್ಯಾಕ್ ಕಾಗ್ ಹಾಕಿ ಎಂದಿಗೂ ಟ್ರ್ಯಾಕಿಗೆ ಇಳಿಯಬೇಡಿ. ಅಂಟು ಬಳಸಿ ಹಿಡಿಸಿದ್ದೇವೆ ಎಂದು ಯಾರಾದರೂ ಧೈರ್ಯ ಹೇಳಿದರೂ ಆ ಚಕ್ರವನ್ನು ನಂಬಬೇಡಿ.

ಚೈನಿನಲ್ಲಿ ಎರಡು ಅಗಲಗಳಿವೆ: ಒಂದು ಇಂಚಿನ ಎಂಟನೇ ಒಂದು ಭಾಗ (1/8), ಇನ್ನೊಂದು ಇಂಚಿನ ಮೂವತ್ತೆರಡನೇ ಮೂರು ಭಾಗ (3/32). ಚೈನ್, ಚೈನ್‌ರಿಂಗ್ (ಕ್ರ್ಯಾಂಕಿಗೆ ಜೋಡಿಸಿದ ಮುಂದಿನ ಹಲ್ಲಿನ ಚಕ್ರ), ಕಾಗ್ ಮೂರೂ ಒಂದೇ ಅಳತೆಯವಾಗಿರಲಿ.

ಚೈನಿನ ಬಿಗಿತ ಹೊಂದಿಸುವುದು ಈ ಇಡೀ ಕೆಲಸದ ಜೀವಾಳ, ಇದಕ್ಕೆ ಸಮಯ ಕೊಡಿ. ಚಕ್ರವನ್ನು ಸೀಳಿನೊಳಗೆ ಕೂರಿಸಿ, ಚೈನ್ ಹಾಕಿ, ಎರಡೂ ನಟ್ಟುಗಳನ್ನು ಬೆರಳಿನಿಂದ ಬಿಗಿಮಾಡಿ. ಚಕ್ರವನ್ನು ಹಿಂದಕ್ಕೆ ಎಳೆದು ಹಿಡಿದು ಮೊದಲು ಬಲಗಡೆಯ ನಟ್ಟನ್ನು 15 ಮಿ.ಮೀ. ಸ್ಪ್ಯಾನರಿನಿಂದ ಸ್ವಲ್ಪ ಬಿಗಿಗೊಳಿಸಿ. ಈಗ ಟೈರ್ ಎಡಕ್ಕೋ ಬಲಕ್ಕೋ ವಾಲಿರುತ್ತದೆ, ಅದನ್ನು ಫ್ರೇಮಿನ ಎರಡು ಕಾಲುಗಳ ನಡುವೆ ಸಮವಾಗಿ ನಿಲ್ಲಿಸಿ ಎಡ ನಟ್ಟನ್ನು ಬಿಗಿಮಾಡಿ. ಬಳಿಕ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಾ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಒತ್ತಿ ನೋಡಿದರೆ ಒಂದು ಕಡೆ ಸಡಿಲವಾಗಿಯೂ ಇನ್ನೊಂದು ಕಡೆ ಬಿಗಿಯಾಗಿಯೂ ಇರುವುದು ತಿಳಿಯುತ್ತದೆ, ಏಕೆಂದರೆ ಚೈನ್‌ರಿಂಗ್ ಎಷ್ಟೇ ಒಳ್ಳೆಯದಾದರೂ ಕ್ರ್ಯಾಂಕಿನ ಮೇಲೆ ಕೂದಲೆಳೆಯಷ್ಟಾದರೂ ಓರೆಯಾಗಿ ಕೂತಿರುತ್ತದೆ. ಅತಿ ಬಿಗಿಯಾದ ಆ ಜಾಗದಲ್ಲಿ ಚೈನ್ ಒಟ್ಟು 10 ಮಿ.ಮೀ. ಆಸುಪಾಸಿನಲ್ಲಿ ಅಲುಗಾಡುವಂತೆ ಹೊಂದಿಸಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗುಗಳು ನರಳುತ್ತವೆ, ಚಕ್ರ ಸರಾಗವಾಗಿ ತಿರುಗುವುದಿಲ್ಲ; ತೀರಾ ಸಡಿಲವಾದರೆ ಓಟದ ನಡುವೆ ಚೈನ್ ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು, ಆಗ ಬೀಳುವವರು ನೀವೊಬ್ಬರೇ ಆಗಿರುವುದಿಲ್ಲ. ಕೊನೆಗೆ ಎರಡೂ ನಟ್ಟುಗಳನ್ನು ತಯಾರಕರು ಹೇಳಿದ ಬಲದಷ್ಟು ಬಿಗಿಮಾಡಿ ಚೈನನ್ನು ಮತ್ತೊಮ್ಮೆ ಪರೀಕ್ಷಿಸಿ, ಏಕೆಂದರೆ ನಟ್ಟು ಬಿಗಿಯಾಗುವಾಗ ಚಕ್ರ ಅಲ್ಪಸ್ವಲ್ಪ ಸರಿಯುವುದುಂಟು.

ಗೇರಿನ ಲೆಕ್ಕ ಸರಳವಾದದ್ದು. ಚೈನ್‌ರಿಂಗಿನ ಹಲ್ಲುಗಳನ್ನು ಕಾಗಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ವ್ಯಾಸವೆಂದು ರೂಢಿಯಲ್ಲಿರುವ 27 ಇಂಚಿನಿಂದ ಗುಣಿಸಿದರೆ ಬರುವುದೇ ಗೇರ್ ಇಂಚು. 48 ಹಲ್ಲಿನ ಚೈನ್‌ರಿಂಗಿಗೆ 15 ಹಲ್ಲಿನ ಕಾಗ್ ಹಾಕಿದರೆ 86.4 ಇಂಚು. ಹೊಸಬರಿಗೆ ಇದು ಹದವಾದ ಗೇರ್. ಇದರಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಲು ನಿಮಿಷಕ್ಕೆ ಸುಮಾರು 100 ಸುತ್ತು ತುಳಿಯಬೇಕಾಗುತ್ತದೆ. ಅನುಭವಿಗಳು ಇದಕ್ಕಿಂತ ಭಾರವಾದ ಗೇರ್ ಹಾಕುವುದನ್ನು ಕಂಡು ಆಸೆಪಡುವುದು ಸಹಜ, ಆದರೆ ವೇಗವಾಗಿ ಮತ್ತು ನಯವಾಗಿ ತುಳಿಯುವ ಅಭ್ಯಾಸವನ್ನು ಚಿಕ್ಕ ಗೇರ್ ಮಾತ್ರ ಕಲಿಸಬಲ್ಲದು. ಕಾಗಿನಲ್ಲಿ ಒಂದು ಹಲ್ಲು ಬದಲಾದರೆ ಐದಾರು ಇಂಚಿನ ವ್ಯತ್ಯಾಸವಾಗುತ್ತದೆ, ಚೈನ್‌ರಿಂಗಿನಲ್ಲಿ ಒಂದು ಹಲ್ಲಿಗೆ ಎರಡು ಇಂಚಿಗಿಂತಲೂ ಕಡಿಮೆ. ಆದ್ದರಿಂದ ಸೂಕ್ಷ್ಮ ಬದಲಾವಣೆ ಬೇಕಾದಾಗ 49 ಹಲ್ಲಿನ ಚೈನ್‌ರಿಂಗ್ ಹಾಕಿ. ಆಗ ಆಕ್ಸಲ್ ಸುಮಾರು 3 ಮಿ.ಮೀ. ಮುಂದಕ್ಕೆ ಬರುತ್ತದೆ, ಚೈನ್ ತುಂಡರಿಸುವ ಅಗತ್ಯವಿರುವುದಿಲ್ಲ.

ಸೀಟಿನ ಎತ್ತರವನ್ನು ನಿಮ್ಮ ರೋಡ್ ಬೈಕಿನಿಂದಲೇ ತೆಗೆದುಕೊಳ್ಳಿ. ಅಲ್ಲಿನ ಕ್ರ್ಯಾಂಕ್ 172.5 ಮಿ.ಮೀ. ಇದ್ದು ಇಲ್ಲಿ 165 ಆಗಿದ್ದರೆ ಸೀಟನ್ನು 7.5 ಮಿ.ಮೀ. ಎತ್ತರಿಸಬೇಕು. ಹ್ಯಾಂಡಲ್‌ಬಾರನ್ನು ಆರಂಭದಲ್ಲೇ ಬಹಳ ಕೆಳಗೆ ಇಳಿಸಬೇಡಿ. ಕೆಳಗಿನ ಬಾಗುಗಳನ್ನು ಹಿಡಿದು ಹತ್ತು ನಿಮಿಷ ನೆಮ್ಮದಿಯಿಂದ ಕೂರಲು ಸಾಧ್ಯವಾಗುವಷ್ಟು ಎತ್ತರ ಸಾಕು. ಬಾರಿನ ಎರಡೂ ತುದಿಗಳಿಗೆ ಬಿರಡೆ ಕಡ್ಡಾಯವಾಗಿ ಇರಲಿ. ಬಾಟಲ್ ಕೇಜ್, ಗಂಟೆ, ದೀಪ, ಪಂಪ್ ಇವೆಲ್ಲವನ್ನೂ ಬಿಚ್ಚಿಡಿ.

ಟೈರಿಗೆ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರದೆ ಗಾಳಿ ತುಂಬಿಸಿ. ಮರದ ಹಲಗೆಯ ಟ್ರ್ಯಾಕಿಗೆ ಹೋಗುವುದಾದರೆ ಸೀಲಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಬಳಸಿದ ಟೈರಿಗೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸೋರಿದ ಒಂದು ಹನಿಯೂ ಹಲಗೆಯನ್ನು ಜಾರುವಂತೆ ಮಾಡುತ್ತದೆ. ಹೊರಗೆ ರಸ್ತೆಯಲ್ಲಿ ಓಡಿಸಿದ ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಿಕ್ಕಿಕೊಂಡ ಮರಳಿನ ಕಣಗಳನ್ನು ತೆಗೆದು, ಸೀಳು ಬಿಟ್ಟಿದೆಯೇ ಎಂದು ಇಡೀ ಸುತ್ತು ನೋಡಿ.

ಇಷ್ಟಾದ ಮೇಲೆ ಟ್ರ್ಯಾಕಿನ ಒಳಗಿನ ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಕೆಲವು ಸುತ್ತು ಹಾಕಿ, ಕಾಲಿನ ಒತ್ತಡದಿಂದ ವೇಗ ತಗ್ಗಿಸುವುದನ್ನು ಅಭ್ಯಾಸ ಮಾಡಿ. ಕಡಿದಾದ ತಿರುವಿನಲ್ಲಿ ಜಾರದೆ ಉಳಿಯಲು ಗಂಟೆಗೆ ಸುಮಾರು 30 ಕಿ.ಮೀ. ವೇಗ ಬೇಕಾಗುವುದರಿಂದ, ಆ ವೇಗ ಸಲೀಸಾಗಿ ಬರುವವರೆಗೆ ಮೇಲೆ ಹತ್ತಬೇಡಿ. ಮೊದಲ ಅಭ್ಯಾಸ ಮುಗಿಸಿ ಇಳಿದ ಕೂಡಲೇ ಲಾಕ್‌ರಿಂಗ್, ನಟ್ಟು ಮತ್ತು ಚೈನಿನ ಬಿಗಿತವನ್ನು ಮತ್ತೆ ನೋಡಿ: ಹೊಸ ಕಾಗ್ ಕಾಲಿನ ಬಲಕ್ಕೆ ಇನ್ನಷ್ಟು ಒಳಗೆ ಸರಿದು ಕೂತಿರುತ್ತದೆ, ಆಗ ಲಾಕ್‌ರಿಂಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಅಲ್ಲಿಯೇ ಇನ್ನೊಮ್ಮೆ ಬಿಗಿಮಾಡಿಕೊಂಡು ಎರಡನೆಯ ಸುತ್ತಿನ ಅಭ್ಯಾಸಕ್ಕೆ ಹೋಗಿ.