ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ: ಸೆಕೆಂಡ್ ಹ್ಯಾಂಡ್ ಕಾರಿನ ರೋಗ ಹಿಡಿದ ಬಗೆ

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಚೆನ್ನಾಗಿ ಓಡಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿತ್ತು, ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಪೂರ್ತಿ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್. ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳಲ್ಲಿ ಇದೇ ದೂರಿಗೆ ಪ್ಲಗ್, ಇಗ್ನಿಷನ್ ಕಾಯಿಲ್, ಫ್ಯೂಯಲ್ ಪಂಪ್ ಎಲ್ಲವನ್ನೂ ಬದಲಿಸಿದ ಲೆಕ್ಕವಿತ್ತು. ಇನ್ನೊಂದು ಭಾಗ ತಂದು ಹಾಕುವ ಮೊದಲು, ಎಂಜಿನ್‌ಗೆ ಆ ಗಳಿಗೆಯಲ್ಲಿ ಸಿಗದೇ ಹೋಗುತ್ತಿರುವುದು ಏನು ಎಂದು ಅಳೆದು ತಿಳಿಯಬೇಕು ಎಂದು ನಿರ್ಧರಿಸಿದೆ.

ಪೆಟ್ರೋಲ್ ಎಂಜಿನ್‌ಗೆ ಬೇಕಾದದ್ದು ಗಾಳಿ, ಪೆಟ್ರೋಲ್, ಕಿಡಿ, ಸಾಕಷ್ಟು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವುದು). ಇವೆಲ್ಲ ಸರಿಯಾದ ಹೊತ್ತಿಗೆ ಕೂಡಿ ಬರಬೇಕು. ಆದರೆ ಇವನ್ನು ಹುಡುಕುವುದಕ್ಕೂ ಮೊದಲು ಬ್ಯಾಟರಿ. ಎಂಜಿನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಬ್ಯಾಟರಿ ಸರಿ ಇದೆ ಎಂದುಕೊಳ್ಳಬಾರದು. ಸೆಲ್ಫ್ ಮೋಟರ್ ಎಂಜಿನ್ನನ್ನು ನಿಮಿಷಕ್ಕೆ ಹೆಚ್ಚುಕಮ್ಮಿ 200ರಿಂದ 250 ಸುತ್ತು ತಿರುಗಿಸಬೇಕು. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಆದ ಇಸಿಯುಗೂ, ಕಿಡಿ ಹುಟ್ಟಿಸುವ ಇಗ್ನಿಷನ್‌ಗೂ ಸಾಕಾಗದೇ ಹೋಗಬಹುದು. ನನ್ನ ಕಾರಿನಲ್ಲಿ ಹತ್ತರ ಮೇಲೆಯೇ ನಿಂತಿತು. ಎಂಜಿನ್ನಿಂದ ಬ್ಯಾಟರಿಗೆ ಬರುವ ಅರ್ತ್ ತಂತಿಯ ಎರಡು ತುದಿಗಳ ನಡುವೆಯೂ ಮೀಟರ್ ಹಿಡಿದು ನೋಡಿದೆ. ಸೆಲ್ಫ್ ಹೊಡೆಯುವಾಗ ಅಲ್ಲಿ 0.2 ವೋಲ್ಟ್‌ಗಿಂತ ಕಡಿಮೆ ಇತ್ತು, ಅಂದರೆ ಅರ್ತ್ ಚೆನ್ನಾಗಿದೆ.

ತಿರುಗುವ ಸದ್ದನ್ನೂ ಗಮನವಿಟ್ಟು ಕೇಳಬೇಕು. ಲಯವಾಗಿ ಏರಿಳಿಯುವ ಸದ್ದು ಕಂಪ್ರೆಷನ್ ಇದೆ ಎಂಬುದರ ಗುರುತು. ಏರಿಳಿತವಿಲ್ಲದೆ, ಯಾವ ತಡೆಯೂ ಇಲ್ಲದಂತೆ ರೊಯ್ಯನೆ ತಿರುಗಿದರೆ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಹರಿದಿರುವ ಸಾಧ್ಯತೆ ಹೆಚ್ಚು. ಆಗ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ವಾಲ್ವ್ ಬಾಗುತ್ತದೆ. ನನ್ನದರಲ್ಲಿ ಲಯ ಸರಿಯಾಗಿಯೇ ಇತ್ತು, ತಣ್ಣಗಿದ್ದಾಗ ಓಡುತ್ತಲೂ ಇತ್ತು. ಹಾಗಾಗಿ ಎಂಜಿನ್ ಒಳಗಿನ ಕಬ್ಬಿಣದ ಕಡೆ ಹೋಗುವ ಅಗತ್ಯ ಬೀಳಲಿಲ್ಲ.

ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ ಎಂದರ್ಥ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದನ್ನು ಮರೆಯಬಾರದು, ಏಕೆಂದರೆ ಆಮೇಲೆ ಮಾಡಿಸಿದ ಕೀಯಲ್ಲಿ ಚಿಪ್ ಇಲ್ಲದಿರಬಹುದು. ಹೊರಗಿನಿಂದ ಹಾಕಿಸಿದ ಅಲಾರಂ, ಗ್ಯಾಸ್ ಕಿಟ್, ಪಂಪಿನ ತಂತಿ ಕತ್ತರಿಸಿ ಸೇರಿಸಿದ ಗುಟ್ಟಿನ ಸ್ವಿಚ್ಚು ಇವನ್ನೂ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿದೆ. ಅಂಥದ್ದೇನೂ ಇರಲಿಲ್ಲ.

ಇನ್ನು ಪೆಟ್ರೋಲ್. ಕೀಯನ್ನು ಆನ್‌ಗೆ ತಂದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಎಂಬ ಸದ್ದು ಬರುತ್ತದೆ. ಪಂಪು ಪೈಪಿನಲ್ಲಿ ಒತ್ತಡ ತುಂಬಿಸುವ ಸದ್ದು ಅದು. ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದಾಗಲೂ ಈ ಸದ್ದು ಸರಿಯಾಗಿ ಬರುತ್ತಿತ್ತು. ಗೇಜ್ ಹಾಕಿದರೆ ಒತ್ತಡ ಮೂರು ಬಾರ್‌ಗಿಂತ ಮೇಲಿತ್ತು. ಇನ್‌ಟೇಕ್ ಪೋರ್ಟಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ನಿಗೆ ಮೂರರಿಂದ ನಾಲ್ಕು ಬಾರ್ ಸಾಮಾನ್ಯ. ಒತ್ತಡವೇನೋ ಇದೆ. ಹಾಗಿದ್ದರೂ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಬಿಚ್ಚಿದ ಪ್ಲಗ್ಗು ಒಣಗಿಯೇ ಇತ್ತು, ಪೆಟ್ರೋಲ್ ವಾಸನೆಯೂ ಇಲ್ಲ. ಸ್ಪಾರ್ಕ್ ಟೆಸ್ಟರ್ ಹಾಕಿದರೆ ಕಿಡಿಯೂ ಇಲ್ಲ. (ಪ್ಲಗ್ಗನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ಕಿಡಿ ನೋಡುವ ಅಭ್ಯಾಸ ಬೇಡ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಆವಿ ಇರುತ್ತದೆ. ಇಂಜೆಕ್ಟರ್ ಕನೆಕ್ಟರ್ ಕಳಚಿ, ಅಗ್ಗದ್ದಾದರೂ ಸರಿ, ಒಂದು ಟೆಸ್ಟರ್ ಬಳಸಿ.)

ದಾರಿ ತೋರಿಸಿದ್ದು ಇದೇ. ಪ್ಲಗ್ಗು ಒದ್ದೆಯಾಗಿದ್ದು ಕಿಡಿ ಇಲ್ಲದಿದ್ದರೆ ಇಗ್ನಿಷನ್ ಕಡೆ ಹುಡುಕಬೇಕು. ಕಿಡಿ ಇದ್ದು ಪ್ಲಗ್ಗು ಒಣಗಿದ್ದರೆ ಪೆಟ್ರೋಲ್ ಕಡೆ. ಎರಡೂ ಒಟ್ಟಿಗೇ ಇಲ್ಲ ಎಂದರೆ ಎರಡು ಭಾಗಗಳು ಒಂದೇ ಗಳಿಗೆಯಲ್ಲಿ ಕೆಟ್ಟು, ತಣ್ಣಗಾದ ಮೇಲೆ ಒಂದೇ ಗಳಿಗೆಯಲ್ಲಿ ರಿಪೇರಿಯಾದವು ಎಂದು ನಂಬಬೇಕಾಗುತ್ತದೆ. ಅದು ನಂಬುವ ಮಾತಲ್ಲ. ಎರಡಕ್ಕೂ ಅಪ್ಪಣೆ ಕೊಡುವ ಇಸಿಯು ಸುಮ್ಮನಾಗಿದೆ ಎಂದೇ ಅರ್ಥ. ಎಂಜಿನ್ನಿನ ಮುಖ್ಯ ಶಾಫ್ಟ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನಿಂದ ಸಿಗ್ನಲ್ ಬರದಿದ್ದರೆ ಎಂಜಿನ್ ತಿರುಗುತ್ತಿರುವುದೇ ಇಸಿಯುಗೆ ಗೊತ್ತಾಗುವುದಿಲ್ಲ. ಆಗ ಅದು ಕಿಡಿ ಕೊಡುವುದಿಲ್ಲ, ಇಂಜೆಕ್ಟರ್ ತೆರೆಯುವುದಿಲ್ಲ, ಆರಂಭದ ಎರಡು ಮೂರು ಸೆಕೆಂಡ್ ಕಳೆದ ಮೇಲೆ ಪಂಪನ್ನೂ ನಿಲ್ಲಿಸುತ್ತದೆ. ಕಿಡಿ ಇಲ್ಲದ್ದನ್ನು ನೋಡಿ ಒಬ್ಬರು ಕಾಯಿಲ್ ಹಾಕಿರಬೇಕು, ಪಂಪು ನಿಂತದ್ದನ್ನು ನೋಡಿ ಇನ್ನೊಬ್ಬರು ಪಂಪು ಹಾಕಿರಬೇಕು. ಇಬ್ಬರು ಕಂಡದ್ದೂ ನಿಜ, ಆದರೆ ಒಂದೇ ಕಾರಣದ ಎರಡು ಲಕ್ಷಣಗಳು ಅವು.

ಇದನ್ನು ಖಚಿತಪಡಿಸಲು ಇಸಿಯುನ ಮಾಹಿತಿ ಓದುವ ಸ್ಕ್ಯಾನರ್ ಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ತಪಾಸಣೆಯ) ಸಾಕೆಟ್ಟಿಗೆ ಸಿಕ್ಕಿಸಿ ಲೈವ್ ಡೇಟಾದಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡುತ್ತಾ ಸೆಲ್ಫ್ ಹೊಡೆದೆ. ತಣ್ಣಗಿದ್ದಾಗ 200ರ ಆಸುಪಾಸು ಬಂತು. ಬಿಸಿಯಲ್ಲಿ ಎಂಜಿನ್ ತಿರುಗುತ್ತಿದ್ದರೂ ಸೊನ್ನೆ. ಕೆಲವು ಕಾರುಗಳಲ್ಲಿ ಮೀಟರಿನ ಆರ್‌ಪಿಎಂ ಮುಳ್ಳು ಅಲ್ಲಾಡುವುದನ್ನು ನೋಡಿಯೇ ಹೇಳಬಹುದು, ಆದರೆ ಎಲ್ಲ ಕಾರುಗಳ ಮುಳ್ಳೂ ಅಷ್ಟು ಕಡಿಮೆ ವೇಗವನ್ನು ತೋರಿಸುವುದಿಲ್ಲ. ಸೆನ್ಸರ್ ಸರ್ಕ್ಯೂಟಿನ ಪಿ0335 ಕೋಡ್ ಬರುತ್ತದೆಂದು ಕಾದೆ, ಬರಲಿಲ್ಲ. ಕೋಡ್ ಇಲ್ಲ ಎಂದು ಸೆನ್ಸರನ್ನು ಪಟ್ಟಿಯಿಂದ ತೆಗೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಎಂಜಿನ್ ನಿಂತಿದ್ದಾಗಲೂ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಸಿಗ್ನಲ್ ಇಲ್ಲದಿರುವುದೇ ತಪ್ಪು ಎಂದು ಕೆಲವು ಇಸಿಯುಗಳು ತಿಳಿಯುವುದಿಲ್ಲ.

ಇಲ್ಲಿಗೇ ನಿಲ್ಲಿಸಿ ಹೊಸ ಸೆನ್ಸರ್ ತರಬಹುದಿತ್ತು. ಬಿಸಿಯಾದಾಗ ಸೋಲುವುದು ಈ ಸೆನ್ಸರಿನ ಹಳೆಯ ಗುಣವೂ ಹೌದು: ಒಳಗಿನ ಸಣ್ಣ ತಂತಿಯ ಸುರುಳಿ ಹಿಗ್ಗಿ ಎಲ್ಲೋ ಬಿಡುತ್ತದೆ, ತಣ್ಣಗಾದರೆ ಕೂಡುತ್ತದೆ. ಆದರೂ ಅಳೆದೆ. ನನ್ನದು ಎರಡು ತಂತಿಯ ಇಂಡಕ್ಟಿವ್ ಬಗೆ, ಅಂದರೆ ಸುರುಳಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುವಂಥದ್ದು. ಇಂಥ ಸೆನ್ಸರುಗಳ ರೆಸಿಸ್ಟೆನ್ಸ್ ಸಾಮಾನ್ಯವಾಗಿ 500ರಿಂದ 1500 ಓಮ್ ನಡುವೆ ಇರುತ್ತದೆ. ನಿಮ್ಮ ಕಾರಿನ ಅಂಕಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. (ಮೂರು ತಂತಿಯ ಹಾಲ್ ಸೆನ್ಸರ್ ಆದರೆ ಓಮ್ ಅಳೆಯುವುದು ಬೇಡ, ಅದಕ್ಕೆ ಸಪ್ಲೈ, ಅರ್ತ್, ಸಿಗ್ನಲ್ ನೋಡಬೇಕು.) ಬಿಸಿ ಇದ್ದು ಸ್ಟಾರ್ಟ್ ಆಗದಿರುವಾಗಲೇ ಸೆನ್ಸರಿನ ಬಾಯಲ್ಲಿ ಅಳೆದರೆ ಅಂಕಿ ಸರಿಯಾಗಿತ್ತು. ಅದೇ ಎರಡು ತಂತಿಗಳನ್ನು ಬ್ಯಾಟರಿ ಕಳಚಿ ಇಸಿಯು ಕನೆಕ್ಟರಿನ ತುದಿಯಲ್ಲಿ ಅಳೆದರೆ ಮೀಟರ್ ಏನನ್ನೂ ತೋರಿಸಲಿಲ್ಲ. ಸರ್ಕ್ಯೂಟ್ ತೆರೆದಿದೆ. ಸೆನ್ಸರ್ ಗಟ್ಟಿಯಾಗಿದೆ, ನಡುವಿನ ತಂತಿ ಕೈಕೊಟ್ಟಿದೆ.

ಮೀಟರನ್ನು ಅಲ್ಲೇ ಬಿಟ್ಟು, ವೈರಿಂಗನ್ನು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಬಂದೆ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಬಂದಾಗ ಅಂಕಿ ಒಮ್ಮೆ ಬಂತು, ಹೋಯಿತು. ಕವಚ ಬಿಡಿಸಿದರೆ ಯಾರೋ ಹಿಂದೆ ತಂತಿ ಕತ್ತರಿಸಿ, ಎರಡು ತುದಿಗಳನ್ನು ಬೆರಳಲ್ಲಿ ಹುರಿಮಾಡಿ, ಮೇಲೆ ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿತ್ತು, ತಾಮ್ರ ಹಸಿರುಗಟ್ಟಿತ್ತು. ಎಂಜಿನ್ ಬಿಸಿಗೆ ಜಾಯಿಂಟ್ ಸಡಿಲವಾಗಿ ಬಿಡುತ್ತಿತ್ತು.

ಈ ತಂತಿಯ ರಿಪೇರಿಗೆ ಒಂದು ವಿಶೇಷವಿದೆ. ಇಂಡಕ್ಟಿವ್ ಸೆನ್ಸರ್ ಹುಟ್ಟಿಸುವ ವೋಲ್ಟೇಜ್ ಎಂಜಿನ್ ವೇಗದ ಜೊತೆ ಏರುತ್ತದೆ. ಸೆಲ್ಫ್ ವೇಗದಲ್ಲಿ ಅದು ಬಹಳ ಕಡಿಮೆ. ಅಷ್ಟು ಸಣ್ಣ ಸಿಗ್ನಲ್ಲಿಗೆ ಇಗ್ನಿಷನ್ನಿನ ಗದ್ದಲ ತಾಗದಿರಲೆಂದು ತಂತಿಯ ಸುತ್ತ ಶೀಲ್ಡ್ ಹೆಣೆದಿರುತ್ತಾರೆ. ಹಳೆಯ ಜಾಯಿಂಟಿನಲ್ಲಿ ಆ ಶೀಲ್ಡನ್ನೂ ಕತ್ತರಿಸಿ ಹಾಗೇ ಬಿಟ್ಟಿದ್ದರು. ಕೆಟ್ಟ ತುಂಡನ್ನು ತೆಗೆದು ಅಷ್ಟೇ ಉದ್ದದ ಶೀಲ್ಡ್ ಇರುವ ತಂತಿ ಸೇರಿಸಿದೆ. ಜಾಯಿಂಟುಗಳನ್ನು ಒಂದರ ಪಕ್ಕ ಒಂದು ಬಾರದಂತೆ ಹಿಂದೆಮುಂದೆ ಇಟ್ಟು, ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಶೀಲ್ಡನ್ನು ಕೂಡಿಸಿದೆ, ಆದರೆ ಅರ್ತ್ ಮೊದಲಿದ್ದಂತೆ ಒಂದೇ ತುದಿಯಲ್ಲಿ ಉಳಿಸಿದೆ. ಆಮೇಲೆ ಇಡೀ ಕಟ್ಟನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸಿ, ಬಿಸಿ ತಡೆಯುವ ತೋಳು ತೊಡಿಸಿ ಕ್ಲಿಪ್ ಹಾಕಿದೆ.

ಸ್ಟಾರ್ಟ್ ಆಯಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ತಣ್ಣಗಿದ್ದಾಗ ಮೊದಲೂ ಆಗುತ್ತಿತ್ತಲ್ಲ. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಟ್ಟು, ಆಫ್ ಮಾಡಿ, ಬಾನೆಟ್ ಮುಚ್ಚಿದೆ. ಗಾಳಿ ಆಡದೆ ಬಿಸಿ ಎಲ್ಲ ಕಡೆ ಹರಡುತ್ತದೆ, ಜಾಯಿಂಟಿಗೆ ಅತಿ ಕಷ್ಟದ ಹೊತ್ತು ಅದೇ. ಹಾಗೆ ಬೆಂದ ಮೇಲೆ ಸೆಲ್ಫ್ ಹೊಡೆದರೆ ಸ್ಕ್ಯಾನರಿನಲ್ಲಿ ಆರ್‌ಪಿಎಂ ಬಂತು, ಎಂಜಿನ್ ಹತ್ತಿಕೊಂಡಿತು. ಎಂಜಿನ್ ಓಡುತ್ತಿರುವಾಗ, ಫ್ಯಾನು ಬೆಲ್ಟುಗಳಿಂದ ಕೈ ದೂರವಿಟ್ಟು, ಒಂದು ಕೋಲಿನಿಂದ ವೈರಿಂಗ್ ಅಲ್ಲಾಡಿಸಿಯೂ ನೋಡಿದೆ, ಆರ್‌ಪಿಎಂ ಕದಲಲಿಲ್ಲ.

ಅದೇ ಬಣ್ಣದ ಟೇಪ್ ಇನ್ನೆಲ್ಲಿದೆ ಎಂದು ಆಮೇಲೆ ಹುಡುಕಿದೆ. ಆಕ್ಸಿಜನ್ ಸೆನ್ಸರಿನ ತಂತಿಯಲ್ಲಿ ಒಂದು, ಕೂಲಂಟ್ ಟೆಂಪರೇಚರ್ ಸೆನ್ಸರಿನ ತಂತಿಯಲ್ಲಿ ಇನ್ನೊಂದು ಸಿಕ್ಕಿತು. ಕೂಲಂಟ್ ಸೆನ್ಸರಿನ ಜಾಯಿಂಟ್ ಬಿಟ್ಟರೆ ಇಸಿಯು ಎಂಜಿನ್ ಮೈನಸ್ 40 ಡಿಗ್ರಿಯಷ್ಟು ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯಬಹುದು. ಆಗ ಪ್ಲಗ್ಗು ಒದ್ದೆಯಾಗಿ ಕಾರು ಮತ್ತೆ ಸ್ಟಾರ್ಟ್ ಆಗದೆ ನಿಲ್ಲುತ್ತದೆ, ಲಕ್ಷಣ ಮಾತ್ರ ಬೇರೆ. ಆ ಎರಡನ್ನೂ ಬಿಡಿಸಿ ಹೊಸದಾಗಿ ಕಟ್ಟಿಯೇ ಬಾನೆಟ್ ಇಳಿಸಿದೆ.